ಹರಿದ ಕಾಗದ, ನಿಂತ ಡ್ರಿಪ್

ಔಷಧದ ಗುಣ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ. ಅದಕ್ಕಿರುವ ಸಾಕ್ಷಿ ಕಾರ್ಖಾನೆಯ ದಾಖಲೆಯೊಂದೇ. ಆ ಸಾಕ್ಷಿಯನ್ನು ಆರೋಪಿಯ ಜೇಬಿನಲ್ಲೇ ಬಿಡಬಹುದೇ?

2022ರ ನವೆಂಬರ್ ಕೊನೆಯ ವಾರ. ಅಹಮದಾಬಾದಿನ ಹತ್ತಿರ ಸಾಣಂದದಲ್ಲಿರುವ ಇಂಟಾಸ್ ಫಾರ್ಮಾಸ್ಯುಟಿಕಲ್ಸ್‌ನ ಕಾರ್ಖಾನೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಧಿಕಾರಿಗಳು ತಪಾಸಣೆಗೆ ಬಂದಿದ್ದರು. ಅವರ ಕಣ್ಣಿಗೆ ಮೊದಲು ಬಿದ್ದದ್ದು ಕಸ. ಮೆಟ್ಟಿಲ ಕೆಳಗೆ ಪ್ಲಾಸ್ಟಿಕ್ ಚೀಲಗಳಲ್ಲಿ ಹರಿದು ತುಂಬಿದ ಮೂಲ ದಾಖಲೆಗಳು. ಅಲ್ಲಿಂದ ಸುಮಾರು 150 ಮೀಟರ್ ಆಚೆ ನಿಂತಿದ್ದ ಲಾರಿಯಲ್ಲಿ ಅಂಥವೇ ಚೀಲಗಳು. ಕೆಲವುಗಳಲ್ಲಿ ಯಂತ್ರಕ್ಕೆ ಕೊಟ್ಟು ಚೂರು ಮಾಡಿದ ಕಾಗದ, ಕೆಲವುಗಳಲ್ಲಿ ಗುಜರಿ ಸಾಮಾನಿನ ಜತೆ ಬೆರೆತ ಹರಕು ಹಾಳೆ. ಪ್ರಯೋಗಾಲಯದ ಕಸದ ಬುಟ್ಟಿಯಲ್ಲಿ ತಕ್ಕಡಿ ಯಂತ್ರ ಮುದ್ರಿಸಿ ಕೊಡುವ ತೂಕದ ಚೀಟಿಗಳು ಬಿದ್ದಿದ್ದವು. ಅವುಗಳ ಮೇಲೆ ಅಸಿಟಿಕ್ ಆಮ್ಲ ಸುರಿದು ಅಕ್ಷರ ಅಳಿಸಲಾಗಿತ್ತು. ಇದಿಷ್ಟೂ ಎಫ್‌ಡಿಎಯ 'ಫಾರಂ 483' ಎಂಬ ತಪಾಸಣಾ ಪಟ್ಟಿಯಲ್ಲಿ ದಾಖಲಾಗಿದೆ.

ಆ ಕಾರ್ಖಾನೆಯಲ್ಲಿ ಸಿಸ್‌ಪ್ಲಾಟಿನ್ ತಯಾರಾಗುತ್ತಿತ್ತು. ಅಂಡಾಶಯ, ಶ್ವಾಸಕೋಶ, ಗರ್ಭಕಂಠ, ವೃಷಣ ಮುಂತಾದ ಕ್ಯಾನ್ಸರ್‌ಗಳಿಗೆ ನಾಲ್ಕು ದಶಕಗಳಿಂದ ಬಳಕೆಯಲ್ಲಿರುವ ಅಗ್ಗದ ಔಷಧ ಅದು. ಅಮೆರಿಕಕ್ಕೆ ಬೇಕಾದ ಸಿಸ್‌ಪ್ಲಾಟಿನ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಒಂದೇ ಕಂಪನಿಯಿಂದ ಹೋಗುತ್ತಿತ್ತು. ತಪಾಸಣೆಯ ಬಳಿಕ ಕಂಪನಿ ತಾನಾಗಿ ತಯಾರಿಕೆ ನಿಲ್ಲಿಸಿತು. 2023ರ ಫೆಬ್ರುವರಿಯಲ್ಲಿ ಎಫ್‌ಡಿಎ ಔಷಧ ಕೊರತೆಯನ್ನು ಘೋಷಿಸಿತು. ಬೇಸಿಗೆಯ ಹೊತ್ತಿಗೆ ಅಲ್ಲಿನ ದೊಡ್ಡ ಕ್ಯಾನ್ಸರ್ ಕೇಂದ್ರಗಳ ಪೈಕಿ ಶೇ 70ರಷ್ಟು ಸಿಸ್‌ಪ್ಲಾಟಿನ್ ಸಾಲುತ್ತಿಲ್ಲ ಎಂದವು. ಯಾರಿಗೆ ಕೊಡುವುದು, ಯಾರಿಗೆ ಬೇರೆ ಔಷಧ ಹಾಕುವುದು ಎಂದು ವೈದ್ಯರು ಲೆಕ್ಕ ಹಾಕಬೇಕಾಯಿತು. ಅಮೆರಿಕದಲ್ಲಿ ಮಂಜೂರಾತಿಯಿಲ್ಲದ ಚೀನಾದ ಸಿಸ್‌ಪ್ಲಾಟಿನ್ ತರಿಸಿಕೊಳ್ಳಲು ಎಫ್‌ಡಿಎ ಒಪ್ಪಬೇಕಾಯಿತು.

ಇಲ್ಲಿ ಗಮನಿಸಬೇಕಾದ್ದೊಂದಿದೆ. ಸೀಸೆಯೊಳಗಿನ ದ್ರವ ವಿಷವಾಗಿದೆ ಎಂದು ಯಾರೋ ತೋರಿಸಿಕೊಟ್ಟು ಈ ಸರಣಿ ಶುರುವಾದದ್ದಲ್ಲ. ದ್ರವ ಸರಿಯಾಗಿದೆ ಎಂದು ಹೇಳಬೇಕಾದ ಕಾಗದದ ಮೇಲೆ ನಂಬಿಕೆ ಹೋಯಿತು, ಅಷ್ಟೇ ಸಾಕಾಯಿತು. ಹೊರಗಿನವರಿಗೆ ಇದು ಗುಮಾಸ್ತಗಿರಿಯ ಅತಿರೇಕದಂತೆ ಕಾಣಬಹುದು. 'ಔಷಧ ಚೆನ್ನಾಗಿದ್ದರೆ ಕಾಗದ ಹರಿದರೇನಂತೆ' ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಕಾರ್ಖಾನೆಯ ಲೆಕ್ಕದಲ್ಲಿದೆ.

ಇಪ್ಪತ್ತು ಸೀಸೆಯ ಜೂಜು

ಇಂಜೆಕ್ಷನ್‌ನ ಒಂದು ಬ್ಯಾಚಿನಲ್ಲಿ ಸಾವಿರಾರು ಸೀಸೆಗಳಿರುತ್ತವೆ. ಸೂಕ್ಷ್ಮಜೀವಿ ಇದೆಯೇ ಎಂದು ನೋಡಬೇಕಾದರೆ ಸೀಸೆ ಒಡೆಯಬೇಕು, ಒಡೆದದ್ದನ್ನು ಮಾರುವಂತಿಲ್ಲ. ಹಾಗಾಗಿ ದೊಡ್ಡ ಬ್ಯಾಚಿನಿಂದ ಸಾಮಾನ್ಯವಾಗಿ 20 ಸೀಸೆಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಬ್ಯಾಚಿನಲ್ಲಿ ನೂರಕ್ಕೊಂದು ಸೀಸೆ ಕೆಟ್ಟಿದೆ ಎಂದಿಟ್ಟುಕೊಳ್ಳಿ. ಆ 20ರಲ್ಲಿ ಒಂದಾದರೂ ಕೆಟ್ಟದ್ದು ಸಿಗುವ ಸಾಧ್ಯತೆ ಶೇ 18 ಮಾತ್ರ. ಅಂದರೆ ಅಂಥ ಐದು ಬ್ಯಾಚುಗಳಲ್ಲಿ ನಾಲ್ಕು ಪರೀಕ್ಷೆಯಲ್ಲಿ ಪಾಸಾಗಿಯೇ ಆಸ್ಪತ್ರೆ ತಲುಪುತ್ತವೆ. ಆದ್ದರಿಂದ ಔಷಧ ಕ್ಷೇತ್ರ ಕೊನೆಯ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಪ್ರತಿ ಹಂತದಲ್ಲೂ ಏನು ನಡೆಯಿತು ಎಂಬುದನ್ನು ನೆಚ್ಚುತ್ತದೆ: ಹಬೆಯಿಂದ ಸೂಕ್ಷ್ಮಜೀವಿ ಕೊಲ್ಲುವ ಆಟೊಕ್ಲೇವಿನ ತಾಪ ಎಷ್ಟಕ್ಕೇರಿತು, ಎಷ್ಟು ನಿಮಿಷ ನಿಂತಿತು, ಫಿಲ್ಟರ್ ಸೋರಿತೇ, ನೀರು ಯಾವ ಟ್ಯಾಂಕಿನದು. ಇವೆಲ್ಲ ನಡೆದು ಮುಗಿದ ಸಂಗತಿಗಳು. ಉಳಿಯುವುದು ಅವುಗಳ ದಾಖಲೆ ಮಾತ್ರ.

ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 1972ರಲ್ಲಿ ನಡೆದ ದುರಂತವನ್ನು ಈ ಕ್ಷೇತ್ರದವರು ಇವತ್ತಿಗೂ ಪಾಠವಾಗಿ ಓದುತ್ತಾರೆ. ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿಸಿಕೊಂಡವರು ಸೋಂಕಿಗೆ ಬಲಿಯಾದರು. ಡ್ರಿಪ್ ಬಾಟಲಿಗಳನ್ನು ಕಾಯಿಸಿದ ಆಟೊಕ್ಲೇವಿನ ಕೆಳಭಾಗ ಬೇಕಾದಷ್ಟು ಬಿಸಿಯೇ ಆಗಿರಲಿಲ್ಲ. ತಾಪ ಬರೆಯುವ ಉಪಕರಣ ಅದನ್ನು ಸುಮ್ಮನೆ ಬಿಟ್ಟಿರಲಿಲ್ಲ, ತೋರಿಸಿತ್ತು. ಉಪಕರಣವೇ ಕೆಟ್ಟಿದೆ ಎಂದುಕೊಂಡು ಜನ ಮುಂದೆ ಹೋದರು. ದಾಖಲೆ ಸತ್ಯ ಹೇಳಿತ್ತು. ಅದನ್ನು ಓದಿ 'ನಿಲ್ಲಿಸಿ' ಎನ್ನುವ ಅಧಿಕಾರವುಳ್ಳ ಬೇರೊಬ್ಬ ಅಲ್ಲಿರಲಿಲ್ಲ.

ನನ್ನ ವಾದ ಇಲ್ಲಿಂದ ಹುಟ್ಟುತ್ತದೆ. ದಾಖಲೆಗಳ ಕೇಂದ್ರೀಕೃತ ನಿರ್ವಹಣೆ ಎಂದರೆ ಎಲ್ಲ ಕಡತಗಳನ್ನೂ ಒಂದು ಸರ್ವರಿಗೆ ಸುರಿಯುವುದು ಎಂದು ಸಾಫ್ಟ್‌ವೇರ್ ಮಾರುವವರು ಹೇಳುತ್ತಾರೆ. ಕಡತ ಬೇಗ ಸಿಗುತ್ತದೆ, ಕಾಗದ ಉಳಿಯುತ್ತದೆ, ಆಡಿಟ್ ಸುಲಭ ಎಂಬುದು ಅವರ ಜಾಹೀರಾತು. ಅದೆಲ್ಲ ಮೇಲೋಗರ. ಕೆಲಸ ಮಾಡಿದವನ ಕೈಯಿಂದ ಆ ಕೆಲಸದ ದಾಖಲೆಯನ್ನು ತಿದ್ದುವ, ಅಳಿಸುವ, ಹರಿಯುವ ಅಧಿಕಾರವನ್ನು ತೆಗೆದುಹಾಕುವುದೇ ಅದರ ಜೀವಾಳ. ಅದೊಂದು ಆಗದೆ ಉಳಿದದ್ದೆಲ್ಲ ಆದರೂ ಹಣ ದಂಡ.

ಕಾರ್ಖಾನೆಯೊಳಗಿನ ಒಂದು ಹಾಳೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬಿಎಂಆರ್ ಎಂದು ಕರೆಯುವ ಬ್ಯಾಚ್ ದಾಖಲೆಯ ಪುಟದಲ್ಲಿ ಎಡಗಡೆ ಮಾಡಬೇಕಾದ ಕೆಲಸ, ನಡುವೆ ಅಳತೆ ಮತ್ತು ಸಮಯ, ಬಲಗಡೆ ಎರಡು ಸಹಿಯ ಕಾಲಂ: ಒಂದು ಮಾಡಿದವರದು, ಇನ್ನೊಂದು ನೋಡಿದವರದು. ತಪ್ಪು ಬರೆದರೆ ವೈಟ್ನರ್ ಹಚ್ಚುವಂತಿಲ್ಲ, ಗೀಚಿ ಮುಚ್ಚುವಂತಿಲ್ಲ. ಒಂದೇ ಗೆರೆ ಎಳೆದು, ಹಳೆಯ ಅಂಕಿ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ, ತಾರೀಖು ಹಾಕಬೇಕು. ಖಾಲಿ ಹಾಳೆಯನ್ನೂ ಗುಣಮಟ್ಟ ವಿಭಾಗ, ಅಂದರೆ ಕ್ಯೂಎ, ಎಣಿಸಿ ಮೊಹರು ಹಾಕಿ ಕೊಡುತ್ತದೆ, ಎಣಿಸಿ ವಾಪಸು ಪಡೆಯುತ್ತದೆ. ಖಾಲಿ ಹಾಳೆಗೇಕೆ ಇಷ್ಟು ಕಾವಲು? ಫೋಟೊಕಾಪಿ ಮಾಡಿಸಿಕೊಂಡ ಖಾಲಿ ಹಾಳೆ ಕೈಯಲ್ಲಿದ್ದರೆ ನಿನ್ನೆಯ ಕೆಟ್ಟ ಪುಟ ಹರಿದು ಇವತ್ತು ಒಳ್ಳೆಯ ಪುಟ ಬರೆದಿಡಬಹುದು. ತೂಕದ ಚೀಟಿಯದೂ ಅದೇ ಕಥೆ: ಮೊದಲ ಸಲ ಬಂದ ಅಂಕಿ ಹಿಡಿಸದಿದ್ದರೆ ಬುಟ್ಟಿಗೆ, ಹಿಡಿಸಿದ್ದು ಫೈಲಿಗೆ.

> ಐದು ಷರತ್ತು
> ದಾಖಲೆ ಹೇಗಿರಬೇಕು ಎಂಬುದಕ್ಕೆ ಔಷಧ ಕ್ಷೇತ್ರದಲ್ಲಿ 'ಅಲ್ಕೋವ' ಎಂಬ ಸೂತ್ರ ಬಳಕೆಯಲ್ಲಿದೆ. 1990ರ ದಶಕದಲ್ಲಿ ಇದನ್ನು ರೂಪಿಸಿದವರು ಎಫ್‌ಡಿಎಯ ಸ್ಟಾನ್ ವುಲೆನ್. ಬರೆದವರು ಯಾರೆಂದು ತಿಳಿಯಬೇಕು. ಓದಲು ಬರಬೇಕು. ಕೆಲಸ ನಡೆದ ಹೊತ್ತಿಗೇ ಬರೆದಿರಬೇಕು. ಮೂಲ ಪ್ರತಿಯೇ ಆಗಿರಬೇಕು. ಇದ್ದದ್ದು ಇದ್ದಂತೆ ಇರಬೇಕು. ಮೂರನೆಯದು ಸುಲಭವಾಗಿ ಮುರಿಯುವ ಷರತ್ತು: ಶಿಫ್ಟ್ ಮುಗಿಯುವಾಗ ಒಟ್ಟಿಗೆ ಕೂತು ಬರೆಯುವ ಚಾಳಿ.

ಗಣಕೀಕೃತ ವ್ಯವಸ್ಥೆ ಇದನ್ನೇ ಯಂತ್ರಕ್ಕೆ ವಹಿಸುತ್ತದೆ. ಅಮೆರಿಕ 1997ರಲ್ಲಿ ಹೊರಡಿಸಿದ 'ಪಾರ್ಟ್ 11' ನಿಯಮ ಎಲೆಕ್ಟ್ರಾನಿಕ್ ದಾಖಲೆ ಮತ್ತು ಸಹಿಗೆ ಕಾಗದದಷ್ಟೇ ಮಾನ್ಯತೆ ಕೊಟ್ಟಿತು, ಷರತ್ತಿನ ಮೇಲೆ. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದನ್ನು ಯಂತ್ರವೇ ಬರೆದಿಡಬೇಕು. ಬದಲಾವಣೆ ಹಳೆಯ ಮಾಹಿತಿಯನ್ನು ಮರೆಮಾಡಬಾರದು. ಇದಕ್ಕೆ ಆಡಿಟ್ ಟ್ರೇಲ್ ಎನ್ನುತ್ತಾರೆ. ಜತೆಗೆ ಕೆಲಸದ ವಿಧಾನ ಹೇಳುವ ಎಸ್‌ಒಪಿಯ ಒಂದೇ ಒಂದು ಚಾಲ್ತಿ ಪ್ರತಿ ಇರಬೇಕು. ಹೊಸದು ಜಾರಿಯಾದ ಗಳಿಗೆಯಿಂದ ಹಳೆಯದು ಯಾರ ಮೇಜಿನ ಮೇಲೂ ಸಿಗಬಾರದು. ಹತ್ತು ಜನರ ಹತ್ತು ಕಂಪ್ಯೂಟರಿನಲ್ಲಿ 'ಫೈನಲ್', 'ಫೈನಲ್ ಹೊಸದು' ಎಂದೆಲ್ಲ ಹೆಸರಿಟ್ಟುಕೊಂಡ ಫೈಲುಗಳಿದ್ದರೆ ಅಲ್ಲಿ ಚಾಲ್ತಿ ವಿಧಾನವೇ ಇಲ್ಲವೆಂದು ತಿಳಿಯಬೇಕು.

ಕನ್ನಡಿಗರಿಗೆ ಈ ತರ್ಕ ಹೊಸದಲ್ಲ. ಹಿಂದೆ ಊರಿನ ಜಮೀನಿನ ಲೆಕ್ಕ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿರುತ್ತಿತ್ತು. ಶಾನುಭೋಗರೆಲ್ಲ ಕೆಟ್ಟವರೇನಲ್ಲ, ಆದರೆ ಲೆಕ್ಕ ಬರೆಯುವವನೂ ಅವನೇ, ಇಟ್ಟುಕೊಳ್ಳುವವನೂ ಅವನೇ, ನಕಲು ಕೊಡುವವನೂ ಅವನೇ ಆದಾಗ ಒಂದು ಸಾಲು ಸೇರಿತೋ ಬಿಟ್ಟಿತೋ ರೈತನಿಗೆ ಗೊತ್ತಾಗುತ್ತಿರಲಿಲ್ಲ. ವಂಶಪಾರಂಪರ್ಯದ ಹುದ್ದೆ ಹೋದ ಮೇಲೂ ಪುಸ್ತಕ ಗ್ರಾಮಲೆಕ್ಕಿಗರ ಕೈಯಲ್ಲೇ ಉಳಿಯಿತು. 2001ರ ಹೊತ್ತಿಗೆ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ತಂದಿತು, ಕೈಬರಹದ ಪಹಣಿಗೆ ಮಾನ್ಯತೆ ತೆಗೆಯಿತು, ಬದಲಾವಣೆ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗುವಂತೆ ಮಾಡಿತು. ರೈತನಿಗೆ ಕಂಡದ್ದು ಬೇಗ ಸಿಗುವ ಪಹಣಿ. ಅದರ ಹಿಂದೆ ನಡೆದ ದೊಡ್ಡ ಕೆಲಸ, ಪುಸ್ತಕ ಒಬ್ಬನ ಮನೆಯಿಂದ ಹೊರಬಂದದ್ದು.

ಕಳ್ಳನಿಗೆ ಸಾಫ್ಟ್‌ವೇರ್ ಅಡ್ಡವೇ?

ಮೊದಲ ಆಕ್ಷೇಪ ಇಲ್ಲಿಯೇ ಏಳುತ್ತದೆ. 'ಭೂಮಿ'ಗೆ ತಪ್ಪು ಪಹಣಿ ಏರಿಸಿದರೆ ತಪ್ಪೇ ಗಟ್ಟಿಯಾಯಿತಲ್ಲ, ಔಷಧದಲ್ಲೂ ಹಾಗೇ ಆಗದೇ? ಆಗುತ್ತದೆ. ಕೆಟ್ಟ ಬುದ್ಧಿಗೆ ಯಂತ್ರ ಮದ್ದಲ್ಲ. ತಪಾಸಣಾ ವರದಿಗಳನ್ನು ಓದಿದವರಿಗೆ ಇಂಥ ಚಾಲಾಕಿತನಗಳ ಪರಿಚಯವಿರುತ್ತದೆ: ಇಡೀ ಪ್ರಯೋಗಾಲಯಕ್ಕೆ ಒಂದೇ ಪಾಸ್‌ವರ್ಡ್, ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ತಿರುಗಿಸಿ ನಡೆಸಿದ ಪರೀಕ್ಷೆ, ಲೆಕ್ಕಕ್ಕೆ ಸೇರದಂತೆ 'ಟ್ರಯಲ್' ಎಂಬ ಫೋಲ್ಡರಿನಲ್ಲಿ ಮೊದಲು ಓಡಿಸಿ ನೋಡಿ, ಪಾಸಾಗುವುದು ಖಾತ್ರಿಯಾದ ಮೇಲೆ ಅಸಲಿ ಫೋಲ್ಡರಿಗೆ ಓಡಿಸುವುದು, ಆಡಿಟ್ ಟ್ರೇಲನ್ನೇ ಆರಿಸಿಡುವುದು. ಕೋಟಿಗಟ್ಟಲೆ ಸುರಿದು ವ್ಯವಸ್ಥೆ ತಂದು, ಅದರ ಅಡ್ಮಿನ್ ಕೀಲಿಯನ್ನು ಪ್ರಯೋಗಾಲಯದ ಮುಖ್ಯಸ್ಥನಿಗೇ ಕೊಟ್ಟರೆ ಆದದ್ದು ಇಷ್ಟೇ: ಶಾನುಭೋಗರ ಪೆಟ್ಟಿಗೆಗೆ ಕರೆಂಟ್ ಬಂತು.

ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ, ಗಟ್ಟಿ ಮಾಡುತ್ತದೆ. ಅಧಿಕಾರ ಬೇರ್ಪಡಿಸದ ಕಡೆ ವ್ಯವಸ್ಥೆ ಸೋತಿದೆ. ಬೇರ್ಪಡಿಸಿದರೆ ಏನು ಲಾಭ? ಸುಳ್ಳು ನಿಲ್ಲುತ್ತದೆ ಎಂದಲ್ಲ, ಸುಳ್ಳಿಗೆ ಹೆಚ್ಚು ಜನ ಬೇಕಾಗುತ್ತಾರೆ. ರ‍್ಯಾನ್‌ಬ್ಯಾಕ್ಸಿ ಎಂಬ ಔಷಧ ಕಂಪನಿಯ ಹಗರಣದಲ್ಲಿ ಹಿಂದಿನ ತಾರೀಖು ಹಾಕಿದ ಕಾಗದಗಳಿಗೆ ವಯಸ್ಸು ಬರಿಸಲು ಅವನ್ನು ರಾತ್ರಿಯಿಡೀ ಹಬೆಯ ಕೋಣೆಯಲ್ಲಿ ಇಡುತ್ತಿದ್ದರೆಂದು ಪತ್ರಕರ್ತೆ ಕ್ಯಾಥರೀನ್ ಎಬನ್ 'ಬಾಟಲ್ ಆಫ್ ಲೈಸ್' ಪುಸ್ತಕದಲ್ಲಿ ಬರೆದಿದ್ದಾರೆ. ಆ ಕಂಪನಿಯ ಅಮೆರಿಕದ ಘಟಕ 2013ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ಎಲ್ಲ ಸೇರಿ 50 ಕೋಟಿ ಡಾಲರ್ ತೆರಲು ಒಪ್ಪಿತು. ಕಾಗದವನ್ನು ಹಬೆಯಲ್ಲಿ ಹಳತು ಮಾಡಬಹುದು. ಬೇರೆ ವಿಭಾಗದ ಹತೋಟಿಯಲ್ಲಿರುವ ಸರ್ವರಿನ ಗಡಿಯಾರವನ್ನು ಹಾಗೆ ಮಾಡಲು ಆ ವಿಭಾಗದವರನ್ನೂ ಪಿತೂರಿಗೆ ಸೇರಿಸಿಕೊಳ್ಳಬೇಕು. ಜನ ಹೆಚ್ಚಿದಷ್ಟೂ ಬಾಯಿ ಬಿಡುವವರು ಹೆಚ್ಚು. ರ‍್ಯಾನ್‌ಬ್ಯಾಕ್ಸಿಯನ್ನು ಬಯಲಿಗೆಳೆದವರು ಒಳಗೇ ಇದ್ದ ದಿನೇಶ್ ಠಾಕೂರ್.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಎಲ್ಲವನ್ನೂ ಒಂದೆಡೆ ಇಟ್ಟರೆ ಕನ್ನ ಹಾಕುವವನಿಗೆ ಒಂದೇ ಗೋಡೆ ಕೊರೆದರೆ ಸಾಕಲ್ಲ? ಇದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಮೆರ್ಕ್ ಔಷಧ ಕಂಪನಿಯ ಕಂಪ್ಯೂಟರುಗಳನ್ನು ಮಲಗಿಸಿತು. ನಷ್ಟ ಸುಮಾರು 87 ಕೋಟಿ ಡಾಲರ್ ಎಂಬ ಅಂದಾಜಿದೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಗಾರ್ಡಸಿಲ್ ಲಸಿಕೆಯನ್ನು ಕಂಪನಿ ಅಮೆರಿಕ ಸರ್ಕಾರದ ದಾಸ್ತಾನಿನಿಂದ ಸಾಲ ತಂದು ಪೂರೈಸಬೇಕಾಯಿತು. ಹೈದರಾಬಾದಿನ ಡಾ. ರೆಡ್ಡೀಸ್ 2020ರ ಅಕ್ಟೋಬರ್‌ನಲ್ಲಿ, ಸ್ಪುಟ್ನಿಕ್ ಲಸಿಕೆಯ ಪ್ರಯೋಗಕ್ಕೆ ಅನುಮತಿ ಸಿಕ್ಕ ಕೆಲವೇ ದಿನಗಳಲ್ಲಿ, ಸೈಬರ್ ದಾಳಿಯಿಂದಾಗಿ ತನ್ನ ಡೇಟಾ ಸೆಂಟರ್ ಸೇವೆಗಳನ್ನೆಲ್ಲ ಪ್ರತ್ಯೇಕಿಸಿಡಬೇಕಾಯಿತು. ಅದೇ ಡಿಸೆಂಬರ್‌ನಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಇಎಂಎಗೇ ಕನ್ನ ಬಿತ್ತು. ಫೈಜರ್-ಬಯೊಎನ್‌ಟೆಕ್ ಲಸಿಕೆಯ ಕಡತಗಳು ಕಳ್ಳರ ಕೈಸೇರಿದವು.

ಇಎಂಎ ಪ್ರಕರಣದಲ್ಲಿ ಕಳವಿಗಿಂತ ದೊಡ್ಡ ಅಪಾಯ ಮುಂದಿನ ತಿಂಗಳು ಕಂಡಿತು. ಕಳ್ಳರು ಅಂತರ್ಜಾಲಕ್ಕೆ ಬಿಟ್ಟ ಪತ್ರವ್ಯವಹಾರದಲ್ಲಿ ಕೆಲವನ್ನು, ಲಸಿಕೆಯ ಮೇಲೆ ಜನರ ನಂಬಿಕೆ ಕೆಡುವಂತೆ, ತಿದ್ದಲಾಗಿತ್ತು ಎಂದು ಸಂಸ್ಥೆಯೇ ಹೇಳಿತು. ಹಾಗೆ ಹೇಳಲು ಅದಕ್ಕೆ ಸಾಧ್ಯವಾದದ್ದು ಅಸಲು ಯಾವುದೆಂದು ತೋರಿಸುವ ತನ್ನದೇ ದಾಖಲೆ ಇದ್ದುದರಿಂದ. ಚದುರಿದ ಕಡತಗಳೇ ಸುರಕ್ಷಿತ ಎನ್ನುವವರು ಇದನ್ನು ಯೋಚಿಸಬೇಕು. ಚದುರಿದ ಕಡತದಲ್ಲಿ ಕಳವಾದದ್ದೇ ಗೊತ್ತಾಗುವುದಿಲ್ಲ. ಐವರ ಲ್ಯಾಪ್‌ಟಾಪಿನಲ್ಲಿ ಐದು ಬಗೆಯ ಪ್ರತಿ ಇದ್ದರೆ ತಿದ್ದಿದ್ದು ಯಾವುದೆಂದು ಯಾರು ಹೇಳಬೇಕು? ಹಾಗೆಂದು ಒಂದು ಸರ್ವರ್, ಒಂದು ಬೀಗ ಸಾಲದು. ಜಾಲಕ್ಕೆ ಸೇರದ ಪ್ರತಿಯೊಂದು ಬೇರೆಡೆ ಇರಬೇಕು. ಅದನ್ನು ಆಗಾಗ ತೆರೆದು ನೋಡುವ ಪದ್ಧತಿಯೂ ಬೇಕು. ಬ್ಯಾಕಪ್ ಇದೆ ಎಂದು ನಂಬಿ ವರ್ಷಗಟ್ಟಲೆ ಅದನ್ನು ಮುಟ್ಟದ ಕಂಪನಿಗೆ ಬ್ಯಾಕಪ್ ಇಲ್ಲವೆಂದೇ ಲೆಕ್ಕ.

> ಕರೆಂಟ್ ಹೋದದ್ದೇ ಪುಣ್ಯ
> ನಾಟ್‌ಪೆಟ್ಯಾ ದಾಳಿಗೆ ಸಿಕ್ಕ ಇನ್ನೊಂದು ಕಂಪನಿ ಹಡಗು ಸಾಗಣೆಯ ಮೇರ್ಸ್ಕ್. ಜಾಲಕ್ಕೆ ಯಾರನ್ನು ಬಿಡಬೇಕು ಎಂದು ನಿರ್ಧರಿಸುವ ಅದರ ಮುಖ್ಯ ಸರ್ವರುಗಳು ಪ್ರಪಂಚದಾದ್ಯಂತ ಅಳಿಸಿಹೋದವು. ಘಾನಾದ ಕಚೇರಿಯ ಒಂದು ಮಾತ್ರ ಉಳಿಯಿತು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಅದು ಜಾಲದಿಂದ ಕಳಚಿಕೊಂಡಿತ್ತು. ಇಡೀ ಜಾಲವನ್ನು ಅದರಿಂದಲೇ ಮತ್ತೆ ಕಟ್ಟಲಾಯಿತು.

ಸಣ್ಣವರ ಪಾಡು

ಮೂರನೆಯ ಆಕ್ಷೇಪ ದುಡ್ಡಿನದು. ದೇಶದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಔಷಧ ತಯಾರಿಕಾ ಘಟಕಗಳಿವೆ, ಬಹುಪಾಲು ಸಣ್ಣ ಮತ್ತು ಮಧ್ಯಮ ಗಾತ್ರದವು. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಔಷಧ ತಯಾರಿಕೆಯ ನಿಯಮಗಳಾದ 'ಶೆಡ್ಯೂಲ್ ಎಂ' ಅನ್ನು ಪರಿಷ್ಕರಿಸಿ ದಾಖಲೆ, ಕಂಪ್ಯೂಟರ್ ವ್ಯವಸ್ಥೆ, ಗುಣಮಟ್ಟ ನಿರ್ವಹಣೆಗಳ ನಿಯಮ ಬಿಗಿ ಮಾಡಿತು. 250 ಕೋಟಿ ರೂಪಾಯಿಗಿಂತ ಕಡಿಮೆ ವಹಿವಾಟಿನ ಘಟಕಗಳಲ್ಲಿ ಹೆಚ್ಚು ಸಮಯ ಕೇಳಿದವಕ್ಕೆ 2025ರ ಡಿಸೆಂಬರ್ 31ರ ತನಕ ಗಡುವು ಸಿಕ್ಕಿತು. ಇದೆಲ್ಲ ದೊಡ್ಡ ಕಂಪನಿಗಳ ಆಟ, ನಮ್ಮನ್ನು ಮುಗಿಸಲು ಹೂಡಿದ್ದು ಎಂಬ ದೂರು ಸಣ್ಣ ಉದ್ಯಮಿಗಳದು. ದೂರಿನಲ್ಲಿ ಹುರುಳಿಲ್ಲದಿಲ್ಲ. ಹತ್ತು ಬಗೆಯ ಮಾತ್ರೆ ಮಾಡುವ ಘಟಕಕ್ಕೆ ಬಹುರಾಷ್ಟ್ರೀಯ ಕಂಪನಿಯ ಸಾಫ್ಟ್‌ವೇರ್ ಕೊಳ್ಳು ಎನ್ನುವುದು ನ್ಯಾಯವಲ್ಲ.

ಆದರೆ ನಿಯಮದ ತಿರುಳಿಗೆ ಸಾಫ್ಟ್‌ವೇರೇ ಬೇಕೆಂದಿಲ್ಲ. ಅಂಕಿ ಹಾಕಿದ ಹಾಳೆ, ಕ್ಯೂಎ ಕೈಯಲ್ಲಿ ಬೀಗವಿರುವ ದಾಖಲೆ ಕೋಣೆ, ಕೊಟ್ಟದ್ದು-ಬಂದದ್ದು ಬರೆಯುವ ಒಂದು ರಿಜಿಸ್ಟರ್, ಮಾಲೀಕ ಹೇಳಿದರೂ 'ಆಗದು' ಎನ್ನಬಲ್ಲ ಒಬ್ಬ ಕ್ಯೂಎ ಅಧಿಕಾರಿ. ಕೇಂದ್ರೀಕರಣ ಇಲ್ಲಿಂದ ಶುರುವಾಗುತ್ತದೆ, ಮತ್ತು ನಾಲ್ಕನೆಯದನ್ನು ಬಿಟ್ಟರೆ ಯಾವುದೂ ದುಬಾರಿಯಲ್ಲ. ಇದರ ಇನ್ನೊಂದು ಮುಖವನ್ನು 2025ರ ಅಕ್ಟೋಬರ್ ತೋರಿಸಿತು. ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಕಾಂಚೀಪುರಂ ಜಿಲ್ಲೆಯ ಶ್ರೀಸನ್ ಫಾರ್ಮಾ ಮಾಡಿದ ಕೋಲ್ಡ್ರಿಫ್‌ನ ಆ ಬ್ಯಾಚಿನಲ್ಲಿ ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ 48.6ರಷ್ಟಿತ್ತು, ಇರಬಹುದಾದದ್ದು ಶೇ 0.1. ತಮಿಳುನಾಡಿನ ಅಧಿಕಾರಿಗಳು ಅಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ಲೋಪಗಳನ್ನು ಪಟ್ಟಿ ಮಾಡಿದರು. ಕಚ್ಚಾವಸ್ತುವಿನ ಡ್ರಮ್ಮು ಯಾರಿಂದ ಬಂತು, ಪರೀಕ್ಷೆ ಆಯಿತೇ, ಯಾರು ಒಳಗೆ ಬಿಟ್ಟರು ಎಂಬ ಮೂರು ಸಾಲನ್ನು ಬರೆಯದೆ ಡ್ರಮ್ಮಿನ ಮುಚ್ಚಳ ತೆಗೆಯುವಂತಿಲ್ಲ ಎಂಬ ಶಿಸ್ತಿಗೆ ಬೇಕಾದದ್ದು ಒಂದು ನೋಟ್‌ಬುಕ್ಕು.

ಒಂದು ಕಾರ್ಖಾನೆಯ ದಾಖಲೆ ಸರಿಯಿದ್ದರೂ ಸಾಲದು ಎಂಬುದಕ್ಕೆ ನಮ್ಮ ಬಳ್ಳಾರಿಯೇ ಇದೆ. 2024ರ ನವೆಂಬರ್‌ನಲ್ಲಿ ಅಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡಾಗ ಅನುಮಾನ ಪಶ್ಚಿಮ ಬಂಗಾಳದ ಕಂಪನಿಯೊಂದರಿಂದ ಬಂದ ರಿಂಗರ್ಸ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಮೇಲೆ ಹೋಯಿತು. ಅದೇ ಕಂಪನಿಯ ಹಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ಕಳಪೆ ಎಂದಿತ್ತು. ಕೇಂದ್ರದ ಪ್ರಯೋಗಾಲಯ ಅವುಗಳಲ್ಲಿ ಕೆಲವನ್ನು ಸರಿ ಎಂದಿತ್ತು. ತಡೆಹಿಡಿದ ದಾಸ್ತಾನು ಮತ್ತೆ ಬಳಕೆಗೆ ಬಂದಿತ್ತು. ಎರಡು ಕಚೇರಿಗಳ ಎರಡು ವರದಿ, ಬ್ಯಾಚು ಒಂದೇ. ತಯಾರಕನ ಬ್ಯಾಚ್ ದಾಖಲೆ, ರಾಜ್ಯದ ವರದಿ, ಕೇಂದ್ರದ ವರದಿ ಒಂದೇ ಪರದೆಯ ಮೇಲೆ ಪಕ್ಕಪಕ್ಕ ಕಾಣುವಂತಿದ್ದರೆ ಬಿಡುಗಡೆಯ ಸಹಿ ಹಾಕುವವರ ಕೈ ಸ್ವಲ್ಪ ಹೊತ್ತು ತಡೆಯುತ್ತಿತ್ತೆಂದು ನನಗನಿಸುತ್ತದೆ.

ಸೊಂಟದೊಳಗಿನ ಲೋಹ

ವೈದ್ಯಕೀಯ ಉಪಕರಣಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಉದ್ದ. ಮಾತ್ರೆ ಕರಗಿ ಮುಗಿಯುತ್ತದೆ, ಇಂಪ್ಲಾಂಟ್ ದೇಹದಲ್ಲಿ ಉಳಿಯುತ್ತದೆ. ಬೆಂಗಳೂರಿನ ವೈಟ್‌ಫೀಲ್ಡ್‌ನ ಜಿಇ ಕೇಂದ್ರದಂಥ ಕಡೆಗಳಲ್ಲಿ ಎಂಜಿನಿಯರುಗಳು ವೈದ್ಯಕೀಯ ಯಂತ್ರಗಳ ವಿನ್ಯಾಸದಲ್ಲಿ ತೊಡಗಿದ್ದಾರೆ. ಅಂಥ ವಿನ್ಯಾಸದಲ್ಲಿ ಒಂದು ತಿರುಪು ಬದಲಾದರೂ ಏಕೆ ಬದಲಾಯಿತೆಂಬ ಕಡತ ಇರಬೇಕು. ಆ ಶಿಸ್ತು ಕಾರ್ಖಾನೆಯ ಗೇಟಿನ ತನಕ ಚೆನ್ನಾಗಿಯೇ ಬರುತ್ತದೆ, ಗೇಟು ದಾಟಿದ ಮೇಲೆ ಹರಿದುಹೋಗುತ್ತದೆ.

ಜಾನ್ಸನ್ ಅಂಡ್ ಜಾನ್ಸನ್‌ಗೆ ಸೇರಿದ ಡೆಪ್ಯೂ ಕಂಪನಿ ತನ್ನ ಎಎಸ್‌ಆರ್ ಎಂಬ ಲೋಹದ ಸೊಂಟದ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂಪಡೆಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದು ಬಳಕೆಯಾಗಿತ್ತು. ಕೇಂದ್ರ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಲೆಕ್ಕ ಹಾಕಿದಾಗ 3,600ಕ್ಕೂ ಹೆಚ್ಚು ಮಂದಿ ಎಲ್ಲಿದ್ದಾರೆಂದು ಗೊತ್ತಾಗಲಿಲ್ಲ. ಕೀಲಿನ ಬ್ಯಾಚ್ ಸಂಖ್ಯೆ ಕಂಪನಿಗೆ ಗೊತ್ತು. ಯಾವ ದೇಹದಲ್ಲಿ ಅದು ಕೂತಿದೆ ಎಂಬುದು ಆಸ್ಪತ್ರೆಯ ಕೇಸ್‌ಶೀಟಿಗೆ ಅಂಟಿಸಿದ ಪುಟ್ಟ ಸ್ಟಿಕರಿಗೆ ಮಾತ್ರ ಗೊತ್ತು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಅದಕ್ಕಿಂತ ಹೆಚ್ಚು ಇಡಬೇಕೆಂದು ಹೇಳುವುದಿಲ್ಲ. ಸೊಂಟದ ಕೀಲು ಹದಿನೈದು-ಇಪ್ಪತ್ತು ವರ್ಷ ಬಾಳಲೆಂದೇ ಹಾಕಿಸಿಕೊಳ್ಳುವಂಥದ್ದು. 2007ರ ಮೊದಲರ್ಧದಲ್ಲಿ ಎಎಸ್‌ಆರ್ ಹಾಕಿಸಿಕೊಂಡ ರೋಗಿಯ ಕೇಸ್‌ಶೀಟನ್ನು, ಕಂಪನಿ ಅದನ್ನು ಹಿಂಪಡೆಯುವ ಮೊದಲೇ, ಆಸ್ಪತ್ರೆ ರದ್ದಿಗೆ ಹಾಕಿದ್ದರೆ ಆ ನಿಯಮದ ಪ್ರಕಾರ ಅದು ತಪ್ಪೇ ಆಗುತ್ತಿರಲಿಲ್ಲ.